ಗುಣವಾಗದ ಕಾಯಿಲೆಯ ತಂದೆ ತಾಯಿಯನ್ನು ಮನೆಯಲ್ಲಿ ನೋಡಿಕೊಳ್ಳುವುದು: ಯಾವುದು ಮೊದಲು, ಯಾವುದು ಆಮೇಲೆ

ಮಗ ಓಡಾಡಿ ಆಮ್ಲಜನಕದ ಯಂತ್ರ ತಂದು ಮಂಚದ ಪಕ್ಕ ನಿಲ್ಲಿಸಿರುತ್ತಾನೆ. ತಾಯಿಗೆ ಆರು ದಿನದಿಂದ ಮಲವಿಸರ್ಜನೆ ಆಗಿಲ್ಲವೆಂಬುದು ಆ ಮನೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಇನ್ನೊಂದು ಮನೆಯಲ್ಲಿ ಮಗಳು ಗಂಟೆಗಟ್ಟಲೆ ಕೂತು, ಗದರಿಸಿ, ಬೇಡಿ, ಅಪ್ಪನಿಗೆ ನಾಲ್ಕು ಚಮಚ ಉಣ್ಣಿಸಿರುತ್ತಾಳೆ. ಅಷ್ಟರಲ್ಲಿ ಅವರ ಬೆನ್ನಿನ ಬುಡದಲ್ಲಿ ಕೆಂಪು ಕಲೆ ಎದ್ದು ಎರಡು ದಿನವಾಗಿರುತ್ತದೆ.

ನನ್ನ ತಂದೆಯ ಕೊನೆಯ ತಿಂಗಳುಗಳಲ್ಲಿ ನಾನೂ ಇವೇ ತಪ್ಪುಗಳನ್ನು ಸಾಲಾಗಿ ಮಾಡಿದೆ. ಆಮೇಲೆ ಪರಿಚಿತರ ಮನೆಗಳಲ್ಲಿಯೂ ಅವನ್ನೇ ಕಂಡೆ. ಯಾರೂ ಕೆಲಸಕ್ಕೆ ಹಿಂಜರಿದವರಲ್ಲ. ಮೊದಲು ಮಾಡಬೇಕಾದದ್ದನ್ನು ಕೊನೆಗೆ ಇಟ್ಟುಕೊಂಡವರು. ಹಾಗಾಗಿ ಇಲ್ಲಿ ಕ್ರಮಕ್ಕೆ ಹೆಚ್ಚು ಒತ್ತು ಕೊಟ್ಟಿದ್ದೇನೆ. ಪ್ರತಿ ಹಂತ ಮುಗಿದಾಗಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ರಾತ್ರಿ ಎರಡು ಗಂಟೆಗೆ, ಮನೆಯಲ್ಲಿ ನಾನೊಬ್ಬನೇ ಎಚ್ಚರವಾಗಿರುವಾಗ, ಇದು ನಡೆಯುತ್ತದೆಯೇ? ನಡೆಯುವುದಿಲ್ಲವೆಂದಾದರೆ ಆ ಹಂತ ಇನ್ನೂ ಮುಗಿದಿಲ್ಲ.

ಇಲ್ಲಿರುವುದು ಆರೈಕೆಯ ವಿಧಾನ. ಔಷಧದ ಹೆಸರು ಬಂದ ಕಡೆಯಲ್ಲೆಲ್ಲ ಪ್ರಮಾಣವನ್ನು ನಿಮ್ಮ ವೈದ್ಯರೇ ಹೇಳಬೇಕು.

ಹಂತ 1: ಮನೆಗೆ ಕರೆತರುವ ಮೊದಲು ಕೇಳಬೇಕಾದ ಪ್ರಶ್ನೆಗಳು

"ಎಷ್ಟು ದಿನ ಇರುತ್ತಾರೆ?" ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಉಪಯೋಗಕ್ಕೆ ಬರುವ ಪ್ರಶ್ನೆ, "ಇನ್ನು ಮುಂದೆ ಇದು ಯಾವ ರೀತಿ ಹದಗೆಡುತ್ತದೆ?" ಕ್ಯಾನ್ಸರ್ ರೋಗಿ ಹಲವು ತಿಂಗಳು ಓಡಾಡಿಕೊಂಡಿದ್ದು, ಕೊನೆಯ ಕೆಲವು ವಾರಗಳಲ್ಲಿ ಬೇಗ ಕುಸಿಯುವುದು ಸಾಮಾನ್ಯ. ಹೃದಯ ಅಥವಾ ಶ್ವಾಸಕೋಶದ ವೈಫಲ್ಯ ಮೆಟ್ಟಿಲು ಇಳಿದಂತೆ ಸಾಗುತ್ತದೆ: ಒಮ್ಮೆ ಬಿಗಡಾಯಿಸಿ ಚೇತರಿಸಿಕೊಳ್ಳುತ್ತಾರೆ, ಆದರೆ ಹಿಂದಿನಷ್ಟು ಅಲ್ಲ. ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಯಾವ ದಾರಿ ಎಂಬುದು ಗೊತ್ತಾದರೆ ರಜೆ, ಹಣ, ಜನ ಎಲ್ಲವನ್ನೂ ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು.

ಇವನ್ನೂ ಕೇಳಿ ಬರೆದುಕೊಳ್ಳಿ: ಈಗಿರುವ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬಹುದು? (ಹತ್ತು ವರ್ಷದ ನಂತರದ ಹೃದಯಾಘಾತವನ್ನು ತಪ್ಪಿಸುವ ಮಾತ್ರೆಯಿಂದ ಈಗ ಪ್ರಯೋಜನವಿಲ್ಲದಿರಬಹುದು.) ನೋವು ಏಕಾಏಕಿ ಹೆಚ್ಚಾದರೆ ಏನು ಕೊಡಬೇಕು, ಎಷ್ಟು ಸಲ? ನುಂಗಲು ಆಗದ ದಿನ ಬಂದರೆ ಔಷಧ ಯಾವ ರೂಪದಲ್ಲಿ? ರಾತ್ರಿ ಯಾರಿಗೆ ಫೋನ್ ಮಾಡಬೇಕು? ಮನೆಯಲ್ಲಿ ಸಾವು ಸಂಭವಿಸಿದರೆ ಅದನ್ನು ದೃಢೀಕರಿಸುವವರು ಯಾರು? ಕೊನೆಯ ಪ್ರಶ್ನೆಗೆ ಬಾಯಿ ಬರುವುದಿಲ್ಲ; ಆದರೂ ಕೇಳಿ.

ಉಪಶಮನ ಆರೈಕೆಯ, ಎಂದರೆ ನೋವು ಸಂಕಟ ತಗ್ಗಿಸಲೆಂದೇ ಇರುವ ತಂಡವನ್ನು ಕೊನೆಯ ವಾರಕ್ಕೆಂದು ಕಾದಿರಿಸಬೇಡಿ. ಕಾಯಿಲೆಗೆ ಚಿಕಿತ್ಸೆ ನಡೆಯುತ್ತಿರುವಾಗಲೇ ಅವರನ್ನು ಸಂಪರ್ಕಿಸಬಹುದು.

ಇನ್ನೊಂದು ಮಾತು ರೋಗಿಯ ಜೊತೆಗೆ ಆಗಬೇಕಾದದ್ದು. ಉಸಿರಾಟ ನಿಂತರೆ ಎದೆ ಒತ್ತಿ ಬದುಕಿಸಲು ಯತ್ನಿಸಬೇಕೇ, ವೆಂಟಿಲೇಟರ್ ಬೇಕೇ, ಮೂಗಿನ ಕೊಳವೆಯಿಂದ ಆಹಾರ ಕೊಡಬೇಕೇ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟುಕೊಳ್ಳಬೇಕು, ಅದೂ ಮಾತು ಸ್ಪಷ್ಟವಾಗಿರುವಾಗ. ಎಷ್ಟೋ ಕುಟುಂಬಗಳು ಅವರಿಗೆ ಗೊತ್ತಾಗಬಾರದೆಂದು ಕಾಯಿಲೆಯನ್ನು ಮುಚ್ಚಿಡುತ್ತವೆ. ಅವರಿಗೆ ಬಹುಪಾಲು ಗೊತ್ತಿರುತ್ತದೆ. ನಿಮಗೆ ನೋವಾಗದಿರಲೆಂದು ಅವರೂ ಮುಚ್ಚಿಡುತ್ತಿರುತ್ತಾರೆ. "ನಿಮ್ಮ ಕಾಯಿಲೆಯ ಬಗ್ಗೆ ಏನಾದರೂ ಕೇಳಬೇಕು ಅನ್ನಿಸುತ್ತಿದೆಯೇ?" ಎಂದು ಬಾಗಿಲು ತೆರೆದಿಡಿ. ಒಳಗೆ ಬರುವುದು ಬಿಡುವುದು ಅವರಿಗೆ ಬಿಟ್ಟದ್ದು.

ಹಂತ 2: ಒಂದು ನೋಟ್ ಪುಸ್ತಕ, ಒಬ್ಬ ಹೊಣೆಗಾರ

ದಪ್ಪ ರಟ್ಟಿನ ನೋಟ್ ಪುಸ್ತಕವೊಂದನ್ನು ಹಾಸಿಗೆಯ ಪಕ್ಕ ಕಟ್ಟಿಡಿ, ಪೆನ್ನನ್ನೂ ಅದಕ್ಕೇ ಕಟ್ಟಿ. ಮೊದಲ ಪುಟದಲ್ಲಿ ಔಷಧಗಳ ಪಟ್ಟಿ: ಹೆಸರು, ಪ್ರಮಾಣ, ಹೊತ್ತು, ಯಾತಕ್ಕೆ. ಅದರ ಕೆಳಗೆ ಫೋನ್ ಸಂಖ್ಯೆಗಳು. ಮುಂದಿನ ಪುಟಗಳಲ್ಲಿ ದಿನಚರಿ: ಔಷಧ ಕೊಟ್ಟ ಸಮಯ, ನೋವು 0ರಿಂದ 10ರಲ್ಲಿ ಎಷ್ಟು, ಮಲ, ಮೂತ್ರ, ಮಗ್ಗುಲು ಬದಲಿಸಿದ ಹೊತ್ತು.

ಇಬ್ಬರು ನೋಡಿಕೊಳ್ಳುವ ಮನೆಯಲ್ಲಿ ಒಂದೇ ಮಾತ್ರೆ ಎರಡು ಸಲ ಹೋಗುವುದು, ಇಲ್ಲವೇ ಒಂದೂ ಸಲ ಹೋಗದಿರುವುದು ಬರೆದಿಡದೇ ಇರುವುದರಿಂದಲೇ. ಔಷಧದ ಹೊಣೆ ಒಬ್ಬರಿಗೇ ಇರಲಿ. ಉಳಿದವರು ಅವರು ಹೇಳಿದಂತೆ ಕೊಡಲಿ, ಕೊಟ್ಟ ಕೂಡಲೇ ಬರೆಯಲಿ.

ರಾತ್ರಿ ಪಾಳಿಯನ್ನೂ ಇದೇ ಪುಸ್ತಕದಲ್ಲಿ ಹಂಚಿಕೊಳ್ಳಿ. ಎರಡು ವಾರ ನಿದ್ದೆಗೆಟ್ಟವರು ಮಾತ್ರೆ ಎಣಿಸುವುದರಲ್ಲಿ ತಪ್ಪುತ್ತಾರೆ, ಆಮೇಲೆ ರೋಗಿಯ ಮೇಲೆ ರೇಗುತ್ತಾರೆ. "ಏನಾದರೂ ಬೇಕಿದ್ದರೆ ಹೇಳಿ" ಎನ್ನುವ ನೆಂಟರಿಗೆ ಸಂಕೋಚವಿಲ್ಲದೆ ಒಂದು ರಾತ್ರಿಯ ಪಾಳಿಯನ್ನೇ ಬರೆದುಕೊಡಿ.

ಹಂತ 3: ಹಾಸಿಗೆ, ಕೋಣೆ, ಎತ್ತುವ ಕ್ರಮ

ಮಂಚದ ಎರಡೂ ಕಡೆ ನೀವು ನಿಂತು ಕೆಲಸ ಮಾಡಲು ಜಾಗ ಬೇಕು. ಗೋಡೆಗೆ ತಾಗಿಸಿದ ಮಂಚ ವಾರದಲ್ಲಿ ನಿಮ್ಮ ಬೆನ್ನು ಮುರಿಯುತ್ತದೆ. ಮಂಚದ ಎತ್ತರ ನಿಮ್ಮ ಸೊಂಟದ ಮಟ್ಟಕ್ಕಿದ್ದರೆ ಆರೈಕೆ ಸುಲಭ. ಆದರೆ ರೋಗಿ ತಾವೇ ಇಳಿಯುವವರಾದರೆ ಪಾದ ನೆಲಕ್ಕೆ ಮುಟ್ಟುವಷ್ಟೇ ಇರಬೇಕು. ಎತ್ತರ ತಗ್ಗಿಸಿ ಏರಿಸಬಹುದಾದ ಆಸ್ಪತ್ರೆ ಮಂಚ ಬಾಡಿಗೆಗೆ ಸಿಕ್ಕರೆ ಮೊದಲು ಅದಕ್ಕೇ ಖರ್ಚು ಮಾಡಿ.

ಬೇಕಾದವು: ಐದಾರು ದಿಂಬು, ನೀರು ಇಳಿಯದ ಹಾಸು, ಅಡ್ಡಲಾಗಿ ಹಾಸಲು ಗಟ್ಟಿ ಬಟ್ಟೆ, ಬೆಡ್‌ಪ್ಯಾನ್ ಅಥವಾ ಕಮೋಡ್ ಕುರ್ಚಿ, ಕೈಗವಸು, ಮಂದ ದೀಪ, ಚಿಕ್ಕ ಫ್ಯಾನ್, ಕೈಗೆಟುಕುವ ಗಂಟೆ. ಗಾಳಿ ತುಂಬುವ ಹಾಸಿಗೆ ತಂದರೆ ಅದರ ಮೇಲೆ ಮೂರು ಪದರ ಕಂಬಳಿ ಹಾಸಬೇಡಿ. ಒತ್ತಡ ಹಂಚುವ ಅದರ ಗುಣವೇ ಹೋಗುತ್ತದೆ. ಆಮ್ಲಜನಕದ ಯಂತ್ರವನ್ನು ವೈದ್ಯರು ಬರೆದುಕೊಟ್ಟರೆ ಮಾತ್ರ ತನ್ನಿ.

ಮಗ್ಗುಲಿಗೆ ಹೊರಳಿಸುವಾಗ ಈ ಕ್ರಮ ಅನುಸರಿಸಿ. ಯಾವ ಕಡೆಗೆ ಹೊರಳಿಸಬೇಕೋ ಆ ಕಡೆ ನಿಲ್ಲಿ. ನಿಮ್ಮಿಂದ ದೂರದ ಕೈಯನ್ನು ಅವರ ಎದೆಯ ಮೇಲಿಡಿ, ದೂರದ ಮೊಣಕಾಲನ್ನು ಮಡಚಿ. ಏನು ಮಾಡುತ್ತಿದ್ದೀರಿ ಎಂಬುದನ್ನು ಅವರಿಗೆ ಹೇಳಿ. ಆಮೇಲೆ ಒಂದು ಕೈಯನ್ನು ಭುಜದ ಹಿಂದೆ, ಇನ್ನೊಂದನ್ನು ಸೊಂಟದ ಹಿಂದೆ ಇಟ್ಟು ನಿಮ್ಮ ಕಡೆಗೆ ಹೊರಳಿಸಿ. ಕಂಕುಳಲ್ಲಿ ಕೈ ಹಾಕಿ ಎಳೆಯುವುದು ಎಲ್ಲರೂ ಮಾಡುವ ತಪ್ಪು. ಭುಜದ ಕೀಲಿಗೆ ಪೆಟ್ಟಾಗುತ್ತದೆ, ಬೆನ್ನಿನ ಚರ್ಮ ಉಜ್ಜಿ ಕಿತ್ತುಬರುತ್ತದೆ. ಮೇಲಕ್ಕೆ ಸರಿಸಬೇಕಿದ್ದರೆ ಇಬ್ಬರು ಬೇಕು. ಅಡ್ಡ ಬಟ್ಟೆಯ ಎರಡು ಅಂಚು ಹಿಡಿದು ಎತ್ತಿ ಸರಿಸಿ, ಎಳೆಯಬೇಡಿ.

ತಲೆಯ ಭಾಗವನ್ನು ಬಹಳ ಹೊತ್ತು 30 ಡಿಗ್ರಿಗಿಂತ ಮೇಲೆ ಎತ್ತಿಟ್ಟರೆ ದೇಹ ಕೆಳಕ್ಕೆ ಜಾರಿ ಬೆನ್ನಿನ ಬುಡದ ಚರ್ಮ ಒಳಗಿಂದಲೇ ಹರಿಯುತ್ತದೆ. ಮೊದಲು ಮೊಣಕಾಲಿನ ಕೆಳಗೆ ದಿಂಬು, ಆಮೇಲೆ ತಲೆ ಎತ್ತುವುದು.

ಹಂತ 4: ನೋವು

ಇದನ್ನು ಸರಿಮಾಡದೆ ಮುಂದಿನ ಯಾವ ಹಂತಕ್ಕೂ ಕೈಹಾಕಬೇಡಿ. ನೋಯುವ ಮೈ ಉಣ್ಣುವುದಿಲ್ಲ, ಮಲಗುವುದಿಲ್ಲ, ಮಗ್ಗುಲು ಬದಲಿಸಲು ಬಿಡುವುದಿಲ್ಲ.

ಮೊದಲ ನಿಯಮ, ಔಷಧ ಗಡಿಯಾರ ನೋಡಿ ಕೊಡುವುದು, ನರಳಾಟ ನೋಡಿ ಅಲ್ಲ. ತೀವ್ರ ನೋವಿಗೆ ಕೊಡುವ ಮಾರ್ಫಿನ್‌ನಲ್ಲಿ ಬೇಗ ಕೆಲಸ ಮಾಡುವುದನ್ನು ಸಾಮಾನ್ಯವಾಗಿ 4 ಗಂಟೆಗೊಮ್ಮೆ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು 12 ಗಂಟೆಗೊಮ್ಮೆ ಬರೆಯುತ್ತಾರೆ. "ಈಗ ನೋವಿಲ್ಲ, ಈ ಹೊತ್ತಿನದು ಬೇಡ" ಎಂದು ಬಿಟ್ಟರೆ ನೋವು ಮತ್ತೆ ಏರುತ್ತದೆ. ಏರಿದ ನೋವನ್ನು ಇಳಿಸಲು ಏರದಂತೆ ತಡೆಯುವುದಕ್ಕಿಂತ ಹೆಚ್ಚು ಔಷಧ ಬೇಕು.

ನಡುವೆ ನೋವು ನುಗ್ಗಿದರೆ ಕೊಡಲು ಪ್ರತ್ಯೇಕ ಹೆಚ್ಚುವರಿ ಪ್ರಮಾಣವನ್ನು ವೈದ್ಯರು ಬರೆದಿರಬೇಕು. ಅದನ್ನು ದಿನಕ್ಕೆ ಮೂರು ನಾಲ್ಕು ಸಲ ಕೊಡಬೇಕಾಗಿ ಬಂದರೆ ದಿನನಿತ್ಯದ ಪ್ರಮಾಣ ಸಾಲುತ್ತಿಲ್ಲವೆಂದು ಅರ್ಥ, ಫೋನ್ ಮಾಡಿ. ಸ್ನಾನ ಅಥವಾ ಗಾಯದ ಶುಚಿಗೆ ಮೊದಲು ಇದನ್ನು ಕೊಡಬಹುದೇ, ಎಷ್ಟು ಹೊತ್ತು ಮುಂಚೆ ಎಂದು ಕೇಳಿಟ್ಟುಕೊಳ್ಳಿ.

ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿಮಾಡಿ ಕೊಡಲೇಬಾರದು. ಹನ್ನೆರಡು ಗಂಟೆಯ ಔಷಧ ಒಂದೇ ಸಲಕ್ಕೆ ರಕ್ತಕ್ಕೆ ಸೇರುತ್ತದೆ. ನೋವಿಗೆಂದು ಚರ್ಮದ ಮೇಲೆ ಅಂಟಿಸುವ ಫೆಂಟನಿಲ್ ಪಟ್ಟಿಯನ್ನು ಸಾಮಾನ್ಯವಾಗಿ 72 ಗಂಟೆಗೊಮ್ಮೆ ಬದಲಿಸುತ್ತಾರೆ. ಹಚ್ಚಿದ ಮೊದಲ ಹನ್ನೆರಡು ಗಂಟೆ ಅದರ ಪೂರ್ಣ ಪರಿಣಾಮ ಸಿಗುವುದಿಲ್ಲ, ಆ ಅವಧಿಗೆ ಏನು ಕೊಡಬೇಕೆಂದು ಮೊದಲೇ ಕೇಳಿ. ಪಟ್ಟಿಯ ಮೇಲೆ ಬಿಸಿನೀರಿನ ಚೀಲ ಇಡಬೇಡಿ. ಶಾಖಕ್ಕೆ ಔಷಧ ಬೇಗ ಇಳಿಯುತ್ತದೆ.

ಮಾರ್ಫಿನ್ ಎಂದರೆ ಹೆದರುವವರೇ ಹೆಚ್ಚು. "ಚಟ ಹತ್ತುತ್ತದೆ", "ಅದು ಕೊಟ್ಟರೆಂದರೆ ಮುಗಿಯಿತು" ಎಂಬ ಎರಡು ಮಾತು ಎಷ್ಟೋ ರೋಗಿಗಳನ್ನು ಅನಗತ್ಯವಾಗಿ ನರಳಿಸಿವೆ. ಆರಂಭದ ಎರಡು ಮೂರು ದಿನ ಮಂಪರು, ಓಕರಿಕೆ ಸಹಜ. ಸಾಮಾನ್ಯವಾಗಿ ತಾನಾಗಿ ಕಡಿಮೆಯಾಗುತ್ತದೆ. ನಿಜವಾಗಿ ಎಚ್ಚರ ವಹಿಸಬೇಕಾದ ಚಿಹ್ನೆಗಳು ಬೇರೆ: ಕೂಗಿ ಅಲುಗಾಡಿಸಿದರೂ ಏಳದಿರುವುದು, ನಿಮಿಷಕ್ಕೆ 8ಕ್ಕಿಂತ ಕಡಿಮೆ ಉಸಿರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕುಗ್ಗುವುದು, ಕೈಕಾಲು ಆಗಾಗ ಜಗ್ಗುವುದು. ಇವು ಕಂಡರೆ ಮುಂದಿನ ಪ್ರಮಾಣ ಕೊಡದೆ ಕರೆ ಮಾಡಿ. ಮೂತ್ರಪಿಂಡ ಸೋತವರಲ್ಲಿ ಮಾರ್ಫಿನ್ ಮೈಯಲ್ಲಿ ಉಳಿದುಕೊಳ್ಳುತ್ತದೆ, ಅವರಲ್ಲಿ ಎಚ್ಚರ ಇನ್ನಷ್ಟು ಬೇಕು.

ಮಾತು ನಿಂತವರ ನೋವನ್ನು ಮುಖದಲ್ಲಿ ಓದಬೇಕು. ಮರೆವಿನ ಕಾಯಿಲೆಯವರಿಗಾಗಿ ಇರುವ ಪೈನಾಡ್ ಎಂಬ ಅಳತೆಯಲ್ಲಿ ಉಸಿರಾಟ, ನರಳಿಕೆ, ಮುಖಭಾವ, ಮೈಯ ಬಿಗಿತ, ಸಮಾಧಾನಕ್ಕೆ ಒಗ್ಗುತ್ತಾರೆಯೇ ಎಂಬ ಐದು ಅಂಶಗಳಿಗೆ ತಲಾ 0ರಿಂದ 2 ಅಂಕ ಕೊಡುತ್ತಾರೆ. ಹುಬ್ಬು ಗಂಟಿಕ್ಕಿರುವುದು, ಮುಟ್ಟಿದರೆ ಕೈ ತಳ್ಳುವುದು, ಹೊಟ್ಟೆಯ ಕಡೆ ಕಾಲು ಮಡಚಿಕೊಳ್ಳುವುದು: ಇವನ್ನು ಹಠವೆಂದು ತಿಳಿದು ಗದರಿದವರಲ್ಲಿ ನಾನೂ ಒಬ್ಬ.

ಹಂತ 5: ಮಲ, ಮೂತ್ರ

ಮಾರ್ಫಿನ್ ಶುರುವಾದ ದಿನವೇ ಮಲ ಸಡಿಲಿಸುವ ಔಷಧವೂ ಶುರುವಾಗಬೇಕು. ಮಾರ್ಫಿನ್ ತರುವ ಮಂಪರಿಗೆ ಮೈ ಒಗ್ಗಿಕೊಳ್ಳುತ್ತದೆ, ಮಲಬದ್ಧತೆಗೆ ಒಗ್ಗುವುದಿಲ್ಲ. ಔಷಧ ಬರೆದಿಲ್ಲದಿದ್ದರೆ ನೀವೇ ಕೇಳಿ ಬರೆಸಿಕೊಳ್ಳಿ. ನಾರಿನ ಪುಡಿಯನ್ನು ನೀವಾಗಿಯೇ ಕೊಡಲು ಹೋಗಬೇಡಿ. ಸಾಕಷ್ಟು ನೀರು ಕುಡಿಯದವರ ಕರುಳಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಮೂರು ದಿನ ಮಲವಿಸರ್ಜನೆ ಆಗದಿದ್ದರೆ ನಾಲ್ಕನೆಯ ದಿನಕ್ಕೆ ಕಾಯಬೇಡಿ, ಕರೆ ಮಾಡಿ. ಹೆಚ್ಚು ಮೋಸಹೋಗುವುದು ಇಲ್ಲಿ: ಹಲವು ದಿನ ಮಲ ಕಟ್ಟಿಕೊಂಡವರಿಗೆ ಒಮ್ಮೆಲೇ ನೀರು ನೀರಾಗಿ ಸೋರತೊಡಗುತ್ತದೆ. ಮನೆಯವರು ಭೇದಿಯೆಂದು ತಿಳಿದು ಅದನ್ನು ನಿಲ್ಲಿಸುವ ಮಾತ್ರೆ ಕೊಡುತ್ತಾರೆ. ಒಳಗೆ ಕಲ್ಲಿನಂತೆ ಕೂತ ಮಲದ ಬದಿಯಿಂದ ಜಿನುಗುತ್ತಿರುವ ನೀರು ಅದು. ಪುಸ್ತಕದಲ್ಲಿ ಹಿಂದಿನ ಪುಟ ತಿರುವಿ ನೋಡಿದರೆ ಉತ್ತರ ಅಲ್ಲೇ ಇರುತ್ತದೆ.

ಮೂತ್ರ ಇಳಿಸುವ ಕೊಳವೆ (ಕ್ಯಾಥೆಟರ್) ಹಾಕಿದ್ದರೆ ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗಿರಲಿ, ನೆಲ ಮುಟ್ಟದಿರಲಿ, ಮೂರರಲ್ಲಿ ಎರಡು ಪಾಲು ತುಂಬುವಷ್ಟರಲ್ಲಿ ಖಾಲಿ ಮಾಡಿ. ಹಲವು ಗಂಟೆ ಚೀಲಕ್ಕೆ ಏನೂ ಇಳಿಯದೆ, ಕಿಬ್ಬೊಟ್ಟೆ ಉಬ್ಬಿ ರೋಗಿ ಚಡಪಡಿಸುತ್ತಿದ್ದರೆ ಮೊದಲು ಕೊಳವೆ ಮಡಚಿಕೊಂಡಿದೆಯೇ ನೋಡಿ. ಇಲ್ಲವಾದರೆ ನರ್ಸ್ ಬರಬೇಕು.

ಹಂತ 6: ಚರ್ಮ

ದಿನಕ್ಕೆರಡು ಸಲ, ಬೆಳಕಿನಲ್ಲಿ, ಇಡೀ ಮೈ ನೋಡಿ: ಬೆನ್ನಿನ ಬುಡ, ಸೊಂಟದ ಎರಡು ಬದಿ, ಹಿಮ್ಮಡಿ, ಮೊಣಕೈ, ಕಿವಿಯ ಅಂಚು, ತಲೆಯ ಹಿಂಭಾಗ. ಕೆಂಪಾದ ಕಡೆ ಬೆರಳಿಂದ ಒತ್ತಿ ಬಿಡಿ. ಒತ್ತಿದಾಗ ಬಿಳಿಚಿ ಮತ್ತೆ ಕೆಂಪಾದರೆ ಚರ್ಮ ಇನ್ನೂ ಚೇತರಿಸಿಕೊಳ್ಳಬಲ್ಲದು. ಬಿಳಿಚದಿದ್ದರೆ ಹಾಸಿಗೆ ಹುಣ್ಣಿನ ಮೊದಲ ಘಟ್ಟ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದಿಲ್ಲ. ಸುತ್ತಲಿಗಿಂತ ನೇರಳೆಯಾಗಿ, ಬಿಸಿಯಾಗಿ ಅಥವಾ ಗಟ್ಟಿಯಾಗಿ ತೋರುವ ಜಾಗವನ್ನು ಕೈಯಿಂದ ಹುಡುಕಬೇಕು.

ತಾವಾಗಿ ಹೊರಳಲಾರದವರಿಗೆ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಒಳ್ಳೆಯ ಹಾಸಿಗೆ ಇದ್ದರೆ ರಾತ್ರಿ ಎಷ್ಟು ಅಂತರ ಬಿಡಬಹುದೆಂದು ನರ್ಸ್ ಹೇಳುತ್ತಾರೆ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಮಾತ್ರ ಓರೆಯಾಗಿಸಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿ.

ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ, ಒಳಗಿನ ಪದರ ಇನ್ನಷ್ಟು ಹಾಳಾಗುತ್ತದೆ. ಉಂಗುರದಾಕಾರದ ಗಾಳಿ ದಿಂಬೂ ಬೇಡ. ಅದು ಅಂಚಿನಲ್ಲಿ ಒತ್ತಿ ನಡುವಿನ ರಕ್ತಸಂಚಾರ ತಡೆಯುತ್ತದೆ. ಒದ್ದೆಯಾದ ಡೈಪರ್ ಬೆಳಗಿನವರೆಗೆ ಹಾಗೇ ಇರಲು ಬಿಡುವುದು ಕೂಡ ಹುಣ್ಣಿಗೆ ಆಹ್ವಾನವೇ.

ಹಂತ 7: ಬಾಯಿ, ಊಟ

ಮೆತ್ತನೆಯ ಬ್ರಷ್‌ನಿಂದ ದಿನಕ್ಕೆರಡು ಸಲ ಹಲ್ಲು, ನಾಲಿಗೆ ಶುಚಿ ಮಾಡಿ. ಕಟ್ಟಿಸಿದ ಹಲ್ಲನ್ನು ರಾತ್ರಿ ತೆಗೆದಿಡಿ. ನಾಲಿಗೆಯ ಮೇಲೆ ಬಿಳಿ ತೇಪೆ, ಉರಿ ಕಂಡರೆ ಅದು ಶಿಲೀಂಧ್ರದ ಸೋಂಕಿರಬಹುದು; ಸುಲಭವಾಗಿ ವಾಸಿಯಾಗುತ್ತದೆ. "ಊಟವೇ ಸೇರುತ್ತಿಲ್ಲ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಉಣ್ಣಿಸುವಾಗ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ. ಅರ್ಧ ಚಮಚ ಕೊಟ್ಟು ಗಂಟಲು ಮೇಲೆ ಕೆಳಗೆ ಆಡಿದ್ದನ್ನು ನೋಡಿದ ಮೇಲೆಯೇ ಮುಂದಿನದು. ಮುಗಿದ ಮೇಲೆ ಅರ್ಧ ಗಂಟೆ ಕೂತೇ ಇರಲಿ. ಪ್ರತಿ ತುತ್ತಿಗೂ ಕೆಮ್ಮು, ನೀರು ತುಂಬಿಕೊಂಡಂತಹ ಧ್ವನಿ, ಗಂಟಲಿಗೆ ಇಳಿಯದೆ ಕೆನ್ನೆಯಲ್ಲೇ ಉಳಿದ ತುತ್ತು, ಆಗಾಗ ಜ್ವರ: ಆಹಾರ ಶ್ವಾಸಕೋಶಕ್ಕೆ ಇಳಿಯುತ್ತಿದೆ ಎಂಬುದರ ಸೂಚನೆಗಳು. ಮಂಪರಿನಲ್ಲಿರುವವರ ಬಾಯಿಗೆ ಏನನ್ನೂ ಹಾಕಬೇಡಿ, ಒಂದು ಚಮಚ ನೀರನ್ನೂ.

ಕಾಯಿಲೆ ಮುಂದುವರಿದಂತೆ ಹಸಿವು ಸಾಯುತ್ತದೆ. ಒಪ್ಪಿಕೊಳ್ಳಲು ಅತ್ಯಂತ ಕಷ್ಟವಾಗುವುದು ಇದೇ. ಅವರು ಉಣ್ಣದ್ದರಿಂದ ಸಾಯುತ್ತಿಲ್ಲ. ದೇಹ ಮುಚ್ಚಿಕೊಳ್ಳುತ್ತಿರುವುದರಿಂದ ಉಣ್ಣುತ್ತಿಲ್ಲ. ಒತ್ತಾಯದ ತುತ್ತು ವಾಂತಿಯಾಗಿ, ಕೆಮ್ಮಾಗಿ ಹೊರಬರುತ್ತದೆ. ಮರೆವಿನ ಕಾಯಿಲೆಯ ಕೊನೆಯ ಘಟ್ಟದಲ್ಲಿ ಕೊಳವೆಯಿಂದ ಆಹಾರ ಕೊಟ್ಟರೆ ಆಯುಸ್ಸು ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ. ಕೊನೆಯ ದಿನಗಳ ಡ್ರಿಪ್‌ನ ನೀರು ಕೆಲವೊಮ್ಮೆ ಕಾಲಿಗೂ ಶ್ವಾಸಕೋಶಕ್ಕೂ ಸೇರಿ ಬಾವು, ಏದುಸಿರು ಹೆಚ್ಚಿಸುತ್ತದೆ. ಕೇಳಿದಾಗ, ಕೇಳಿದ್ದನ್ನು, ಕೇಳಿದಷ್ಟು ಕೊಡಿ.

ಹಂತ 8: ಏದುಸಿರು ಮತ್ತು ಸನ್ನಿ

ಏದುಸಿರು ಬಂದಾಗ ಮಲಗಿಸಬೇಡಿ. ಕೂರಿಸಿ, ಮುಂದೆ ಮೇಜಿನ ಮೇಲೆ ದಿಂಬಿಟ್ಟು ಕೈಗಳನ್ನು ಅದಕ್ಕೆ ಒರಗಿಸಿ, ಚಿಕ್ಕ ಫ್ಯಾನ್‌ನ ಗಾಳಿ ಕೆನ್ನೆ, ಮೂಗಿನ ಮೇಲೆ ಬೀಸುವಂತೆ ಇಡಿ. ಸರಳವೆನಿಸಿದರೂ ಇದು ಪರಿಣಾಮಕಾರಿ. ಸುತ್ತ ಗುಂಪು ನಿಂತರೆ ಗಾಬರಿ, ಗಾಬರಿಯಿಂದ ಮತ್ತಷ್ಟು ಏದುಸಿರು. ಒಬ್ಬರು ಮಾತ್ರ ಪಕ್ಕದಲ್ಲಿರಿ. ಆಮ್ಲಜನಕ ಉಪಯೋಗವಾಗುವುದು ರಕ್ತದಲ್ಲಿ ಅದರ ಪ್ರಮಾಣ ಇಳಿದಿದ್ದರೆ. ವೈದ್ಯರು ಕಡಿಮೆ ಪ್ರಮಾಣದ ಮಾರ್ಫಿನ್ ಬರೆದರೆ ಅಚ್ಚರಿಪಡಬೇಡಿ, ಏದುಸಿರಿನ ಸಂಕಟಕ್ಕೂ ಅದನ್ನು ಬಳಸುತ್ತಾರೆ.

ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ಇಲ್ಲದವರೊಂದಿಗೆ ಮಾತಾಡುತ್ತಾರೆ, ಬಟ್ಟೆ ಕಿತ್ತೆಸೆಯುತ್ತಾರೆ, ನಿಮ್ಮನ್ನೇ ಗುರುತಿಸುವುದಿಲ್ಲ. ಗಂಟೆಗಳಲ್ಲಿ, ದಿನಗಳಲ್ಲಿ ಹೀಗೆ ಬದಲಾದರೆ ಅದು ಸನ್ನಿ. ಅದಕ್ಕೆ ಕಾರಣ ಹುಡುಕಬೇಕು: ಮೂತ್ರ ಕಟ್ಟಿದೆಯೇ, ಮಲ ಕಟ್ಟಿದೆಯೇ, ಜ್ವರವಿದೆಯೇ, ಹೊಸ ಮಾತ್ರೆ ಶುರುವಾಯಿತೇ, ಕನ್ನಡಕ ಮತ್ತು ಕಿವಿಯ ಯಂತ್ರ ಎಲ್ಲಿವೆ? ವಾದಿಸಬೇಡಿ, ತಿದ್ದಬೇಡಿ. ಮಂದ ಬೆಳಕು, ಪರಿಚಿತ ಧ್ವನಿ ಸಾಕು. ಗಲಾಟೆಯಿಲ್ಲದ ಸನ್ನಿಯೂ ಇದೆ, ಸುಮ್ಮನೆ ಮಂಕಾಗಿ ಬಿದ್ದಿರುತ್ತಾರೆ. "ಇವತ್ತು ಶಾಂತವಾಗಿದ್ದಾರೆ" ಎಂದು ಮನೆಯವರು ನೆಮ್ಮದಿಪಡುವುದು ಆಗಲೇ.

ಹಂತ 9: ಕಾಯದೆ ಕರೆ ಮಾಡಬೇಕಾದ ಚಿಹ್ನೆಗಳು

ಇವನ್ನು ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದು ಅಂಟಿಸಿ.

ಕ್ಯಾನ್ಸರ್ ರೋಗಿಗೆ ಹೊಸದಾಗಿ ಬೆನ್ನುನೋವು, ಕಾಲಿನಲ್ಲಿ ಬಲಹೀನತೆ ಅಥವಾ ಜೋಮು, ಮೂತ್ರದ ಹಿಡಿತ ತಪ್ಪುವುದು: ಬೆನ್ನುಹುರಿ ಒತ್ತಿಕೊಳ್ಳುತ್ತಿರಬಹುದು. ಗಂಟೆಗಳು ಕಳೆದಂತೆ ನಡಿಗೆ ಶಾಶ್ವತವಾಗಿ ಹೋಗಬಹುದು.

ಕಿಮೊಥೆರಪಿ ನಡೆಯುತ್ತಿದ್ದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರ.

ಸೆಳವು (ಫಿಟ್ಸ್): ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ತುರುಕಬೇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ತುರ್ತು.

ಗಡ್ಡೆಯಿಂದ ಭಾರಿ ರಕ್ತಸ್ರಾವವಾಗುವ ಸಾಧ್ಯತೆಯಿದೆ ಎಂದು ವೈದ್ಯರು ಹೇಳಿದ್ದರೆ ಗಾಢ ಬಣ್ಣದ ಟವೆಲ್‌ಗಳನ್ನು ಪಕ್ಕದಲ್ಲಿಡಿ. ಬಿಳಿ ಬಟ್ಟೆಯ ಮೇಲಿನ ರಕ್ತ ರೋಗಿಯನ್ನೂ ನಿಮ್ಮನ್ನೂ ಕಂಗೆಡಿಸುತ್ತದೆ.

ಹಂತ 10: ಕೊನೆಯ ದಿನಗಳು

ದಿನದ ಬಹುಪಾಲು ನಿದ್ದೆ, ನುಂಗಲಾಗದಿರುವುದು, ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗುವುದು, ಕೈಕಾಲು ತಣ್ಣಗಾಗಿ ಮಂಡಿ ಪಾದಗಳಲ್ಲಿ ನೀಲಿ ಕಲೆ ಮೂಡುವುದು, ಉಸಿರು ಆಳವಾಗಿ, ಮೆಲ್ಲಗಾಗಿ, ಕೆಲವು ಸೆಕೆಂಡು ನಿಂತೇ ಹೋಗಿ ಮತ್ತೆ ಶುರುವಾಗುವುದು. ಇವು ಕಂಡಾಗ ಆಂಬುಲೆನ್ಸ್‌ಗೆ ಫೋನ್ ಮಾಡುವ ಮೊದಲು ಹಂತ 1ರಲ್ಲಿ ಅವರು ಹೇಳಿದ್ದನ್ನು ಓದಿ. ಮನೆಯಲ್ಲೇ ಇರಬೇಕೆಂದವರನ್ನು ಕೊನೆಯ ಗಂಟೆಯ ಗಾಬರಿಯಲ್ಲಿ ಆಸ್ಪತ್ರೆಗೆ ಹೊತ್ತೊಯ್ಯುವುದು ಎಷ್ಟು ಮನೆಗಳಲ್ಲಿ ನಡೆಯುತ್ತದೆಂದರೆ, ಈ ಬರಹದ ಅರ್ಧ ಉದ್ದೇಶ ಅದನ್ನು ತಪ್ಪಿಸುವುದು.

ಗಂಟಲಲ್ಲಿ ಗೊರಗೊರ ಸದ್ದು ಕೇಳುವವರನ್ನು ಹಿಂಡುತ್ತದೆ. ಪ್ರಜ್ಞೆ ಮಸುಕಾದ ರೋಗಿಗೆ ಅದರಿಂದ ಸಂಕಟವಾಗುತ್ತಿರುವ ಸಾಧ್ಯತೆ ಕಡಿಮೆ. ಪಕ್ಕಕ್ಕೆ ಹೊರಳಿಸಿ, ತಲೆ ಸ್ವಲ್ಪ ಎತ್ತರಿಸಿ. ಕೊಳವೆ ತೂರಿಸಿ ಆಳದ ಕಫ ಎಳೆಯುವುದರಿಂದ ಹಿಂಸೆಯೇ ಹೆಚ್ಚು. ಬಾಯಿ, ತುಟಿಗಳನ್ನು ಒದ್ದೆ ಬಟ್ಟೆಯಿಂದ ಆಗಾಗ ಒರೆಸಿ. ನುಂಗಲಾರದವರಿಗೆ ನೋವಿನ ಔಷಧ ನಿಲ್ಲಬಾರದು. ನಾಲಿಗೆಯ ಕೆಳಗೆ ಅಥವಾ ಚರ್ಮದ ಕೆಳಗೆ ಕೊಡುವ ವ್ಯವಸ್ಥೆ ಮೊದಲೇ ಆಗಿರಬೇಕು. ಮಗ್ಗುಲು ಬದಲಿಸುವ ಗಡಿಯಾರವನ್ನು ಈಗ ಸಡಿಲಿಸಬಹುದು, ಅವರಿಗೆ ಹಿತವಾದ ಭಂಗಿಯೇ ಸರಿಯಾದದ್ದು. ಉತ್ತರಿಸದಿದ್ದರೂ ಮಾತಾಡುತ್ತಿರಿ, ಅವರಿಗೆ ಕೇಳಿಸುತ್ತದೆಂದೇ ತಿಳಿದು.

ಉಸಿರು ನಿಂತ ಮೇಲೆ ಅವಸರದ ಕೆಲಸ ಯಾವುದೂ ಇಲ್ಲ. ಹೊತ್ತು ಬರೆದಿಡಿ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಪಕ್ಕದಲ್ಲಿ ಕೂತಿರಿ, ಆಮೇಲೆ ದೃಢೀಕರಿಸಬೇಕಾದವರಿಗೆ ಫೋನ್ ಮಾಡಿ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ, ಪುಸ್ತಕದಲ್ಲಿ ಬರೆದು, ಕೊಟ್ಟವರಿಗೇ ಹಿಂತಿರುಗಿಸಿ. ಮೈಮೇಲಿನ ಫೆಂಟನಿಲ್ ಪಟ್ಟಿಯಲ್ಲಿ ಇನ್ನೂ ಔಷಧ ಇರುತ್ತದೆ. ಅದನ್ನು ಅಂಟು ಒಳಗಾಗುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ಆ ಮಾತ್ರೆಗಳ ಚೀಲದಲ್ಲೇ ಹಾಕಿ ಕಳಿಸಿ.